ಬಾವಲಿ ಸಂಶೋಧನೆ ಸಮ್ಮೇಳನಕ್ಕೆ ಹೋಯ್ತು, ಮೂಡಿಗೆರೆ ತೋಟಕ್ಕೆ ಯಾವಾಗ ಬರುತ್ತೆ?

ಮೂಡಿಗೆರೆ, ಕಳಸದ ಕಡೆ ಮರಗಸಿ ಮಾಡುವವರಿಗೆ ಯಾವ ಗೋಣಿಮರದಲ್ಲಿ ಬಾವಲಿ ನೇತಾಡ್ತವೆ, ಯಾವ ಹಳೇ ಮರದ ಪೊಟರೆಯಿಂದ ಮುಸ್ಸಂಜೆ ಹೊರಗೆ ಬರ್ತವೆ ಅಂತ ಚೆನ್ನಾಗಿ ಗೊತ್ತು. ವಿಜ್ಞಾನ ಸಮ್ಮೇಳನದಲ್ಲಿ ಪೋಸ್ಟರ್ ಹಚ್ಚಿ ಪಕ್ಕದಲ್ಲಿ ನಿಲ್ಲುವ ಸಂಶೋಧನಾ ವಿದ್ಯಾರ್ಥಿಗೆ ಅದೇ ಬಾವಲಿಯ ಲ್ಯಾಟಿನ್ ಹೆಸರು ಗೊತ್ತು, ಅದರ ಕೂಗು ಎಷ್ಟು ಕಿಲೋಹರ್ಟ್ಜ್ ಅಂತ ಗೊತ್ತು. ಈ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಮಾತಾಡಿದ್ದನ್ನು ನಾನು ಈವರೆಗೆ ನೋಡಿಲ್ಲ.

ನಾನು ಕಾಫಿ ಸೀಮೆಯಲ್ಲಿ ಬೆಳೆದವನು. ಬಾವಲಿ ವಿಜ್ಞಾನಿ ಏನಲ್ಲ, ಆಸಕ್ತಿಯಿಂದ ಇಂಥ ಸಮ್ಮೇಳನಗಳ ಹಿಂದಿನ ಸಾಲಲ್ಲಿ ಕೂತು ಕೇಳಿದವನು. ಅಲ್ಲಿ ನಡೆಯೋದು ನಿಜಕ್ಕೂ ಒಳ್ಳೆಯ ಕೆಲಸ. ಬೆಂಗಳೂರಿನಲ್ಲಿ 2010ರಿಂದ ವಿದ್ಯಾರ್ಥಿಗಳಿಗಾಗಿಯೇ ಸಂರಕ್ಷಣಾ ವಿಜ್ಞಾನ ಸಮ್ಮೇಳನ ನಡೆಯುತ್ತಾ ಬಂದಿದೆ. ಬಾವಲಿಗಳಿಗೇ ಮೀಸಲಾದ ಅಂತರರಾಷ್ಟ್ರೀಯ ಸಮ್ಮೇಳನ 2019ರಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ, 2022ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ, 2024ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ನಡೆಯಿತು. ನಮ್ಮ ಬೆಟ್ಟಗಳಿಂದ ಅಲ್ಲಿಗೆ ಹೋಗುವ ದಾರಿ ಇದೆ. ಅಲ್ಲಿಂದ ಒಂದು ಗ್ರಾಮ ಪಂಚಾಯಿತಿಗೆ ವಾಪಸ್ ಬರುವ ದಾರಿಯನ್ನು ಮಾತ್ರ ಯಾರೂ ಸರಿಯಾಗಿ ಹಾಕಿಲ್ಲ.

ಇದನ್ನ ‘ಸಂವಹನದ ಕೊರತೆ’ ಅಂತ ಕರೆದು ಮುಂದೆ ಹೋಗಬಹುದು. ಆದರೆ ನನಗೆ ಇದು ಪೂರ್ತಿ ರಾಜಕೀಯ ಪ್ರಶ್ನೆಯಾಗಿ ಕಾಣುತ್ತೆ. ಬಾವಲಿ ಉಳಿಯುತ್ತಾ ಇಲ್ವಾ ಅನ್ನೋ ತೀರ್ಮಾನ ದಿನಾ ಆಗ್ತಿರೋದು ತೋಟದಲ್ಲಿ. ಯಾವ ಮರ ಕಡಿಯೋದು, ಯಾವ ಕೊಂಬೆ ಸವರೋದು, ಯಾವ ಔಷಧಿ ಹೊಡೆಯೋದು, ನಿಫಾ ಸುದ್ದಿ ಬಂದ ವಾರ ಊರಮರದ ಕೆಳಗೆ ಪಟಾಕಿ ಹಚ್ಚೋದಾ ಬೇಡವಾ. ಈ ತೀರ್ಮಾನ ತಗೊಳ್ಳೋ ಬೆಳೆಗಾರ, ರೈಟರು, ಮೇಸ್ತ್ರಿ, ಕೂಲಿಯವರ ಕೈಗೆ ಏನೂ ಮಾಹಿತಿ ಕೊಡದೆ, ಆಮೇಲೆ ಅವರಿಗೆ ‘ಜಾಗೃತಿ ಇಲ್ಲ’ ಅಂತ ವರದಿ ಬರೆಯೋದು ಯಾವ ನ್ಯಾಯ?

ಒಂದೇ ಹೆಸರು, 135 ಪ್ರಭೇದ

ಮೊದಲು ಭಾಷೆಯಿಂದಲೇ ಶುರು ಮಾಡೋಣ. ನಾವು ಎಲ್ಲದಕ್ಕೂ ಬಾವಲಿ ಅಂತೀವಿ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮತ್ತು ಬ್ಯಾಟ್ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಸೇರಿ ತಂದ 2024-25ರ ಭಾರತದ ಬಾವಲಿಗಳ ಸ್ಥಿತಿಗತಿ ವರದಿ, ದೇಶದಲ್ಲಿ 135 ಪ್ರಭೇದಗಳಿವೆ ಅನ್ನುತ್ತೆ. ಇವುಗಳಲ್ಲಿ ಹಣ್ಣು ತಿನ್ನುವವು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಉಳಿದ ಬಹುಪಾಲು ಹುಳಹುಪ್ಪಟೆ ತಿಂದು ಬದುಕುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಜೀವಿಗಳು. ಊರಮರದಲ್ಲಿ ನೂರಾರು ಸಂಖ್ಯೆಯಲ್ಲಿ ನೇತಾಡುವ ದೊಡ್ಡ ಹಣ್ಣುಬಾವಲಿಯ ರೆಕ್ಕೆಯ ಅಗಲ ಒಂದು ಮೀಟರ್‌ಗೂ ಹೆಚ್ಚು. ಅದು ಕಣ್ಣು, ಮೂಗು ನಂಬಿ ಹಾರುತ್ತೆ. ಹಳೇ ಮನೆಯ ಅಟ್ಟದಲ್ಲೋ ಗುಹೆಯಲ್ಲೋ ಇರುವ ಕುದುರೆಲಾಳದ ಮೂಗಿನ ಸಣ್ಣ ಬಾವಲಿ, ನಮ್ಮ ಕಿವಿಗೆ ಕೇಳದ ಕೂಗು ಹಾಕಿ, ಅದರ ಪ್ರತಿಧ್ವನಿ ಹಿಡಿದು ಹುಳ ಹುಡುಕುತ್ತೆ. ಎರಡಕ್ಕೂ ಇರುವ ಸಂಬಂಧ ಹೆಚ್ಚುಕಮ್ಮಿ ಆನೆಗೂ ಇಲಿಗೂ ಇರುವಷ್ಟು ಅಂತ ಇಟ್ಕೊಳ್ಳಿ.

ಈ ವ್ಯತ್ಯಾಸ ಗೊತ್ತಿಲ್ಲದೆ ಹೋದರೆ ಏನಾಗುತ್ತೆ? 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಫಾ ಬಂತು, 17 ಜನ ಸತ್ತರು. ಮೊದಲು ಸತ್ತ ಕುಟುಂಬದ ಬಾವಿಯಲ್ಲಿದ್ದ ಬಾವಲಿಗಳ ಚಿತ್ರ ಎಲ್ಲಾ ಚಾನೆಲ್‌ಗಳಲ್ಲಿ ಓಡಿತು. ಆ ಬಾವಿಯಲ್ಲಿ ಸಿಕ್ಕಿದ್ದು ಹುಳ ತಿನ್ನುವ ಸಣ್ಣ ಬಾವಲಿ, ಅವುಗಳ ಮಾದರಿಯಲ್ಲಿ ವೈರಸ್ ಇರಲಿಲ್ಲ. ಆಮೇಲೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ವೈರಸ್ ಸಿಕ್ಕಿದ್ದು ದೊಡ್ಡ ಹಣ್ಣುಬಾವಲಿಗಳಲ್ಲಿ. ಅಷ್ಟರಲ್ಲಿ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಅಟ್ಟದ ಬಾವಲಿಗೂ ಮರದ ಬಾವಲಿಗೂ ಒಂದೇ ಶಿಕ್ಷೆ ಘೋಷಣೆ ಆಗಿತ್ತು.

ಇನ್ನೊಂದು ಸಂಗತಿ. ಇಲಿಯಷ್ಟೇ ಗಾತ್ರ ಇದ್ದರೂ ಬಾವಲಿ ಇಲಿ ಥರ ಹೆರಲ್ಲ. ಹೆಚ್ಚಿನ ಪ್ರಭೇದಗಳಲ್ಲಿ ತಾಯಿ ವರ್ಷಕ್ಕೆ ಹೆರೋದು ಒಂದೇ ಮರಿ. ಒಂದು ಗುಂಪನ್ನು ಒಂದು ಸಂಜೆ ಹೊಗೆ ಹಾಕಿ ಓಡಿಸೋಕೆ ಆಗುತ್ತೆ, ಆ ಸಂಖ್ಯೆ ಮತ್ತೆ ತುಂಬೋಕೆ ವರ್ಷಗಳು ಬೇಕು.

ತೋಟದ ರಾತ್ರಿ ಪಾಳಿ

ಹಾಗಾದರೆ ಬೆಳೆಗಾರನಿಗೆ ಬಾವಲಿಯಿಂದ ಏನು ಲಾಭ? ಈ ಪ್ರಶ್ನೆ ಕೇಳೋದು ತಪ್ಪಲ್ಲ. ಸಮ್ಮೇಳನಗಳಲ್ಲಿ ಇದಕ್ಕೆ ಉತ್ತರ ಸಾಕಷ್ಟು ಇದೆ.

ಮೆಕ್ಸಿಕೋದ ಚಿಯಾಪಾಸ್ ನಮ್ಮ ಹಾಗೇ ನೆರಳಿನ ಕೆಳಗೆ ಕಾಫಿ ಬೆಳೆಯುವ ಪ್ರದೇಶ. ಅಲ್ಲಿ ಸಂಶೋಧಕರು ಕೆಲವು ಕಾಫಿ ಗಿಡಗಳಿಗೆ ರಾತ್ರಿ ಮಾತ್ರ ಬಲೆ ಮುಚ್ಚಿ, ಹಗಲು ತೆಗೆದರು. ಅಂದರೆ ಹಕ್ಕಿ ಬರಬಹುದು, ಬಾವಲಿ ಬರೋ ಹಾಗಿಲ್ಲ. ಮಳೆಗಾಲದಲ್ಲಿ ಆ ಗಿಡಗಳ ಮೇಲೆ ಹುಳಗಳ ಸಂಖ್ಯೆ ಶೇ. 84ರಷ್ಟು ಜಾಸ್ತಿಯಾಯಿತು. ಇದು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ. ತಾಂಜಾನಿಯಾದ ಕಿಲಿಮಾಂಜಾರೋ ತಪ್ಪಲಲ್ಲಿ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹಕ್ಕಿ ಮತ್ತು ಬಾವಲಿ ಓಡಾಡಲು ಬಿಟ್ಟ ಗಿಡಗಳಲ್ಲಿ ಕಾಯಿ ಕಟ್ಟುವ ಪ್ರಮಾಣ ಸುಮಾರು ಶೇ. 9ರಷ್ಟು ಹೆಚ್ಚಿತ್ತು.

ನಮ್ಮದೇ ಪಶ್ಚಿಮಘಟ್ಟಕ್ಕೆ ಬಂದರೆ, ತಮಿಳುನಾಡಿನ ವಾಲ್ಪಾರೈ ಬೆಟ್ಟದಲ್ಲಿ ಕ್ಲೇರ್ ವರ್ಡ್ಲಿ ಮತ್ತು ಸಂಗಡಿಗರು ಕಾಡು, ಕಾಫಿ, ಚಹಾ ತೋಟಗಳಲ್ಲಿ ರಾತ್ರಿಯೆಲ್ಲಾ ಬಾವಲಿಗಳ ಕೂಗು ದಾಖಲಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ನಮ್ಮೂರಿನವರಿಗೆ ಸಂತೋಷ ಕೊಡಬೇಕು. ಮರವೇ ಇಲ್ಲದ ಹಾಗೆ ಬೋಳಿಸಿದ ಚಹಾ ತೋಟ ಬಾವಲಿಗಳಿಗೆ ತೀರಾ ಕಷ್ಟದ ಜಾಗ. ನಾಡಮರಗಳ ನೆರಳಿರುವ ಕಾಫಿ ತೋಟ ಅದಕ್ಕಿಂತ ಎಷ್ಟೋ ವಾಸಿ. ಹೊಳೆಯಂಚಿನಲ್ಲಿ, ತೋಟದ ನಡುವೆ ಉಳಿದ ತುಂಡು ಕಾಡು ಇದ್ದರೆ ಇನ್ನೂ ಒಳ್ಳೆಯದು. ಕಳಸದ ಕಡೆ ಭದ್ರಾ ಹೊಳೆಯ ದಡದಲ್ಲಿ ಇಂಥ ಮರದ ಸಾಲುಗಳನ್ನು ನೋಡಿದವರಿಗೆ ಇದರ ಅರ್ಥ ತಕ್ಷಣ ಆಗುತ್ತೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಾವಲಿ ಪರವಾಗಿ ಮಾತಾಡುವ ಉತ್ಸಾಹದಲ್ಲಿ ಕೆಲವರು ‘ಬಾವಲಿ ಇದ್ರೆ ಬೋರರ್ ಹುಳ ಇರಲ್ಲ’ ಅಂತ ಹೇಳಿಬಿಡ್ತಾರೆ. ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸಿರುವ ಬಿಳಿ ಕಾಂಡಕೊರಕದ ದುಂಬಿ ಹಾರಾಡೋದು ಹಗಲಿನ ಬಿಸಿಲಲ್ಲಿ. ರಾತ್ರಿ ಬೇಟೆಗೆ ಹೊರಡುವ ಬಾವಲಿಗೆ ಅದು ಸಿಗೋ ಸಾಧ್ಯತೆ ಕಡಿಮೆ. ತೋಟದಲ್ಲಿ ಮೂವತ್ತು ವರ್ಷ ಕಳೆದ ಬೆಳೆಗಾರನಿಗೆ ಇದು ಗೊತ್ತಿರುತ್ತೆ. ಸುಳ್ಳು ಭರವಸೆ ಕೊಟ್ಟರೆ ಮುಂದಿನ ನಿಜವನ್ನೂ ಅವನು ನಂಬಲ್ಲ. ಆದರೆ ಬಿಸಿಲು ಜಾಸ್ತಿ ಬೀಳುವ ತೋಟದಲ್ಲಿ ಬೋರರ್ ಹಾವಳಿ ಜಾಸ್ತಿ, ಅದಕ್ಕೇ ನೆರಳು ಕಾಪಾಡಿ ಅನ್ನೋದು ಕಾಫಿ ವಿಜ್ಞಾನಿಗಳ ಹಳೇ ಸಲಹೆ. ಬೋರರ್ ತಡೆಯೋಕೂ ನೆರಳಿನ ಮರ ಬೇಕು, ಬಾವಲಿ ಉಳಿಯೋಕೂ ಅದೇ ಮರ ಬೇಕು. ಹೇಳಬೇಕಾದ ನಿಜ ಇದು, ಇಷ್ಟು ಸಾಕು.

ಹುಳ ತಿನ್ನುವವರು ಇಲ್ಲವಾದರೆ ಆ ಖರ್ಚು ಯಾರ ತಲೆಗೆ ಬರುತ್ತೆ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ ಬಿಳಿಮೂತಿ ರೋಗ ಅನ್ನೋ ಶಿಲೀಂಧ್ರ ರೋಗದಿಂದ ಲಕ್ಷಗಟ್ಟಲೆ ಬಾವಲಿಗಳು ಸತ್ತವು. ಅರ್ಥಶಾಸ್ತ್ರಜ್ಞ ಇಯಾಲ್ ಫ್ರಾಂಕ್ 2024ರಲ್ಲಿ ‘ಸೈನ್ಸ್’ನಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬಾವಲಿ ಕಳೆದುಕೊಂಡ ಕೌಂಟಿಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸುಮಾರು ಶೇ. 31ರಷ್ಟು ಹೆಚ್ಚಿಸಿದರು. ಅದೇ ಕೌಂಟಿಗಳಲ್ಲಿ ಶಿಶುಮರಣ ಸುಮಾರು ಶೇ. 8ರಷ್ಟು ಹೆಚ್ಚಾಯಿತು. ಇದನ್ನು ನಮ್ಮ ತೋಟಕ್ಕೆ ತಂದು ನೋಡಿ. ಔಷಧಿಯ ಕ್ಯಾನು ಬೆನ್ನಿಗೆ ಹಾಕ್ಕೊಂಡು ಗಿಡಗಳ ಮಧ್ಯೆ ನಡೆಯೋದು ಯಾರು? ಸಂಜೆ ಅದೇ ಬಟ್ಟೇಲಿ ಲೈನ್ ಮನೆಗೆ ಹೋಗಿ ಮಗು ಎತ್ತಿಕೊಳ್ಳೋದು ಯಾರು? ಬಾವಲಿ ಪ್ರಶ್ನೆ ಅಲ್ಲಿಗೇ ಬಂದು ನಿಲ್ಲುತ್ತೆ.

ಸಿಲ್ವರ್ ಮರದ ರಾಜಕೀಯ

ಒಮ್ಮೆ ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿ ದೊಡ್ಡ ಬಸರಿ ಮರ ಇದ್ದ ಜಾಗ ಖಾಲಿ ಕಂಡು ಮೇಸ್ತ್ರಿಯನ್ನ ಕೇಳಿದೆ: “ಮೇಸ್ತ್ರಿ, ಆ ಮರದಲ್ಲಿದ್ದ ಬಾವಲಿ ಎಲ್ಲಿಗೆ ಹೋದ್ವು?” ಅವರು ನಕ್ಕರು. “ಈಗ ಕೇಳ್ತೀರಲ್ಲ ಮಾರಾಯ್ರೆ, ಮರ ಬಿದ್ದು ಮೂರು ವರ್ಷ ಆಯ್ತು. ಕಡಿಯೋ ಮುಂಚೆ ಯಾರೂ ಕೇಳ್ಲಿಲ್ಲ.” ಆ ಜಾಗದಲ್ಲಿ ಈಗ ಸಿಲ್ವರ್ ಓಕ್ ಸಾಲಾಗಿ ನಿಂತಿದೆ.

ಬೆಳೆಗಾರರನ್ನ ಬೈಯೋಕೆ ಮುಂಚೆ ಅವರ ಲೆಕ್ಕ ಅರ್ಥ ಮಾಡ್ಕೊಳ್ಳಿ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ, ಕಾಳುಮೆಣಸು ಬಳ್ಳಿ ಹಬ್ಬಿಸಬಹುದು, ಮಗಳ ಮದುವೆಗೋ ಬ್ಯಾಂಕಿನ ಸಾಲಕ್ಕೋ ಕಡಿದು ಮಾರಬಹುದು. ಮೇಲಾಗಿ ಕಾನೂನೂ ಅದರ ಪರವಾಗಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಬೇಕು, ಆದರೆ ವಿನಾಯಿತಿ ಪಟ್ಟಿಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಸರ್ವೆ ಇವೆ. ಸ್ವಂತ ಜಮೀನಿನಲ್ಲಿ ನಾಡಮರ ನೆಟ್ಟರೆ ನಾಳೆ ಅದನ್ನು ಕಡಿಯಲು ಅರ್ಜಿ ಹಿಡಿದು ಕಚೇರಿ ಸುತ್ತಬೇಕು. ಸಿಲ್ವರ್ ನೆಟ್ಟರೆ ಆ ತಲೆನೋವು ಇಲ್ಲ. ಮರ ಉಳಿಸಲಿಕ್ಕೆ ಮಾಡಿದ ಕಾನೂನು, ನಾಡಮರ ನೆಡದೇ ಇರಲು ಕಾರಣ ಕೊಟ್ಟಿದೆ.

ಬಾವಲಿಗೆ ಇದರಿಂದ ಆಗುವ ನಷ್ಟ ಸರಳ. ಸಿಲ್ವರ್ ಓಕ್‌ನಲ್ಲಿ ತಿನ್ನೋ ಹಣ್ಣಿಲ್ಲ. ನೆಟ್ಟಗಿನ ಎಳೇ ಕಾಂಡದಲ್ಲಿ ಪೊಟರೆ ಇಲ್ಲ. ಅತ್ತಿ, ಬಸರಿ, ಗೋಣಿಯಂಥ ಮರಗಳು ಒಂದಲ್ಲ ಒಂದು ಹಣ್ಣು ಬಿಡುತ್ತಾ ವರ್ಷದ ಬಡಕಲು ತಿಂಗಳಲ್ಲೂ ಹಕ್ಕಿ, ಮಂಗ, ಬಾವಲಿಗಳನ್ನ ಸಾಕ್ತವೆ. ಆ ಹಣ್ಣಿನ ಬೀಜವನ್ನು ದೂರ ಒಯ್ದು ಉದುರಿಸಿ ಇನ್ನೊಂದು ಮರ ಹುಟ್ಟಿಸೋದೂ ಬಾವಲಿಯೇ. ಬಿಳಿ ಬೂರುಗ, ಇಪ್ಪೆಯಂಥ ಮರಗಳ ಹೂವಿಗೂ ರಾತ್ರಿ ಬಾವಲಿ ಬರಬೇಕು.

ಯುರೋಪಿಯನ್ ಒಕ್ಕೂಟದ ಹೊಸ ಅರಣ್ಯನಾಶ ನಿಯಮದ ಬಗ್ಗೆ ಈಗ ಕಾಫಿ ಸೀಮೆಯಲ್ಲೆಲ್ಲಾ ಮಾತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅವರ ಮಾರುಕಟ್ಟೆಗೆ ಹೋಗೋ ಹಾಗಿಲ್ಲ, ಪ್ರತಿ ತೋಟದ ಭೂಪಟದ ಗುರುತು ಬೇಕು. ಇರಲಿ. ಆದರೆ ತೋಟದೊಳಗಿನ ಅತ್ತಿಮರ ಹೋಗಿ ಸಿಲ್ವರ್ ಬಂದರೆ ಉಪಗ್ರಹದ ಚಿತ್ರದಲ್ಲಿ ಎರಡೂ ಹಸಿರೇ. ಬ್ರಸೆಲ್ಸ್‌ನಲ್ಲಿ ಕೂತವರಿಗೆ ಕಾಣದ ಈ ಬದಲಾವಣೆ ಇಲ್ಲಿನ ಮೇಸ್ತ್ರಿಗೆ ಕಾಣುತ್ತೆ. ಅವರ ಮಾತಿಗೆ ‘ದತ್ತಾಂಶ’ ಅನ್ನೋ ಮರ್ಯಾದೆ ಸಿಗಲ್ಲ ಅಷ್ಟೇ.

ನಿಫಾ ಬಂದಾಗ ಯಾರು ಮಾತಾಡ್ತಾರೆ?

ಕೇರಳದಲ್ಲಿ 2018ರ ನಂತರ ನಿಫಾ ಮತ್ತೆ ಮತ್ತೆ ಬಂದಿದೆ: 2019, 2021, 2023, 2024, 2025. ಪ್ರತಿ ಸಲವೂ ಬಾವಲಿ ಸುದ್ದಿಯಾಗುತ್ತೆ. ದೊಡ್ಡ ಹಣ್ಣುಬಾವಲಿ ನಿಫಾ ವೈರಸ್ಸಿನ ಸಹಜ ಆಶ್ರಯ ಅನ್ನೋದು ನಿಜ, ಅದನ್ನ ಮುಚ್ಚಿಡಬಾರದು. ಮಲೆನಾಡಿನವರಿಗೆ ಇಂಥ ವಿಷಯ ಹೊಸದೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಶುರುವಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಜಿಲ್ಲೆಯ ಕೊಪ್ಪ, ಎನ್.ಆರ್. ಪುರದ ಕಡೆ ಜನರನ್ನ ಕಾಡ್ತಿದೆ. ಹೆಸರು ಮಂಗನದ್ದು, ಹರಡೋದು ಉಣುಗು. ಮಂಗ ನಮಗಿಂತ ಮೊದಲು ಸಾಯುವ ಬಲಿಪಶು. ಕುದುರೆಲಾಳ ಬಾವಲಿಯೊಂದರಲ್ಲೂ ಅದರ ಮೈಮೇಲಿನ ಉಣುಗಿನಲ್ಲೂ ಈ ವೈರಸ್ ಸಿಕ್ಕಿದ್ದನ್ನು 1969ರಲ್ಲೇ ಸಂಶೋಧಕರು ದಾಖಲಿಸಿದ್ದಾರೆ. ಕಾಡುಪ್ರಾಣಿಗಳಲ್ಲಿ ವೈರಸ್ ಇರೋದು ಹೊಸ ಸುದ್ದಿ ಏನಲ್ಲ. ಅದು ಯಾವಾಗ, ಯಾಕೆ ಮನುಷ್ಯನ ಕಡೆ ದಾಟುತ್ತೆ ಅನ್ನೋದೇ ಕೇಳಬೇಕಾದ ಪ್ರಶ್ನೆ.

ಇದಕ್ಕೆ ಒಳ್ಳೆಯ ಉತ್ತರ ಬಂದಿರೋದು ಆಸ್ಟ್ರೇಲಿಯಾದಿಂದ. ಅಲ್ಲಿ ನಿಫಾದ ಹತ್ತಿರದ ಸಂಬಂಧಿ ಹೆಂಡ್ರಾ ವೈರಸ್ ಬಾವಲಿಯಿಂದ ಕುದುರೆಗೆ ದಾಟುತ್ತೆ. ಪೆಗ್ಗಿ ಈಬಿ, ರೈನಾ ಪ್ಲೋರೈಟ್ ಮತ್ತು ಸಂಗಡಿಗರು 25 ವರ್ಷದ ಮಾಹಿತಿ ಕೂಡಿಸಿ 2022ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದರು. ಚಳಿಗಾಲದಲ್ಲಿ ಹೂ ಬಿಡುವ ಕಾಡು ಕಡಿದು ಹೋದ ಮೇಲೆ ಹಸಿದ ಬಾವಲಿಗಳು ಊರು, ಹೊಲದ ಹತ್ತಿರ ಬಂದು ನೆಲೆಸಿದವು, ಆಗ ವೈರಸ್ ದಾಟೋದು ಹೆಚ್ಚಾಯಿತು. ಉಳಿದಿದ್ದ ಕಾಡು ಚೆನ್ನಾಗಿ ಹೂ ಬಿಟ್ಟ ಚಳಿಗಾಲಗಳಲ್ಲಿ ಬಾವಲಿಗಳು ಅಲ್ಲಿಗೆ ಹೋದವು, ವೈರಸ್ ದಾಟಲಿಲ್ಲ.

ಅಂದರೆ ನಿಫಾ ಹೆದರಿಕೆಗೆ ಅತ್ತಿಮರ ಕಡಿಯೋದು ಬೆಂಕಿಗೆ ತುಪ್ಪ ಹಾಕಿದ ಹಾಗೆ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ, ಬಿದ್ದ ಹಣ್ಣು ತೊಳೆಯದೆ ಮಕ್ಕಳಿಗೆ ಕೊಡಬೇಡಿ, ಸತ್ತ ಅಥವಾ ನೆಲಕ್ಕೆ ಬಿದ್ದ ಬಾವಲಿಯನ್ನ ಬರಿಗೈಯಲ್ಲಿ ಮುಟ್ಟಬೇಡಿ, ನೆಲೆಸಿದ ಗುಂಪನ್ನ ಕೆಣಕಬೇಡಿ. ಆರೋಗ್ಯದ ದೃಷ್ಟಿಯಿಂದ ಹೇಳಬೇಕಾದ್ದು ಇಷ್ಟೇ. ನಾಲ್ಕು ಸಾಲು. ಇದನ್ನು ಆಶಾ ಕಾರ್ಯಕರ್ತೆಯ ಬಾಯಲ್ಲಿ, ತೋಟದ ಬೆಳಗಿನ ಹಾಜರಿ ಹೊತ್ತಲ್ಲಿ ಹೇಳಿಸಬಹುದು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಹೆಸರಲ್ಲಿ ಬಾವಲಿಗಳ ಮೇಲೆ ದ್ವೇಷ ಹಬ್ಬಿದಾಗ ದಕ್ಷಿಣ ಏಷ್ಯಾದ ಆರು ದೇಶಗಳ 64 ಬಾವಲಿ ತಜ್ಞರು ಒಟ್ಟಾಗಿ ಹೇಳಿಕೆ ಕೊಟ್ಟರು. ಅದು ಬೇಕಾಗಿತ್ತು, ಒಳ್ಳೆಯದೂ ಆಯ್ತು. ಆದರೆ ಇಂಗ್ಲಿಷ್ ಪತ್ರಿಕೆ ಓದದ ಮನೆಗಳಿಗೆ ಅದಕ್ಕಿಂತ ಮೊದಲು ವಾಟ್ಸಾಪ್ ತಲುಪಿತ್ತು.

ಹೇಳಿದ ಮಾತು ಕಾನೂನಿಗೆ ಮುಟ್ಟಲು ಹಿಡಿದ ಕಾಲ

ಮೇಲಕ್ಕೆ ಹೋದ ಜ್ಞಾನವೂ ಬೇಗ ಕೆಲಸ ಮಾಡಿಲ್ಲ ಅನ್ನೋದನ್ನ ನೆನಪಿಡಿ. 1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಗಳನ್ನ ಐದನೇ ಅನುಸೂಚಿಯಲ್ಲಿ, ಇಲಿ, ಕಾಗೆಗಳ ಜೊತೆ ‘ಉಪದ್ರವಕಾರಿ’ ಅಂತ ಇಟ್ಟಿತ್ತು. ಯಾರು ಬೇಕಾದರೂ ಕೊಲ್ಲಬಹುದಿತ್ತು. 2002ರ ಜನವರಿಯಲ್ಲಿ ಮದುರೈನಲ್ಲಿ ದಕ್ಷಿಣ ಏಷ್ಯಾದ ಬಾವಲಿ ತಜ್ಞರು ಸೇರಿ 123 ಪ್ರಭೇದಗಳ ಸ್ಥಿತಿಗತಿ ಅಳೆದರು. 2009ರಲ್ಲಿ ಸಿಂಗಾರವೇಲನ್, ಮಾರಿಮುತ್ತು, ಪಾಲ್ ರೇಸಿ ‘ಓರಿಕ್ಸ್’ ಪತ್ರಿಕೆಯಲ್ಲಿ ಹಣ್ಣುಬಾವಲಿಗಳಿಗೆ ಈ ಹಣೆಪಟ್ಟಿ ಸರಿಯೇ ಅಂತ ನೇರವಾಗಿ ಪ್ರಶ್ನೆ ಮಾಡಿದರು. ಆ ಅನುಸೂಚಿ ಹೋಗಿದ್ದು 2022ರ ತಿದ್ದುಪಡಿಯಲ್ಲಿ, ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಕಾನೂನು ಬದಲಾದ ಸುದ್ದಿ ಎಷ್ಟು ತೋಟಗಳಿಗೆ ಮುಟ್ಟಿದೆ? ನಿಮ್ಮೂರಲ್ಲಿ ನಾಲ್ಕು ಜನರನ್ನ ಕೇಳಿ ನೋಡಿ.

ಮೂಡಿಗೆರೆಗೆ ಈ ವಿಷಯದಲ್ಲಿ ಒಂದು ಒಳ್ಳೆಯ ಪರಂಪರೆಯೇ ಇದೆ. ಇಲ್ಲಿನ ಪ್ರಾದೇಶಿಕ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ್ದ ಎ.ಕೆ. ಚಕ್ರವರ್ತಿ ಅವರು ಎ.ಸಿ. ಗಿರೀಶ್ ಜೊತೆ 2003ರಲ್ಲಿ ‘ಝೂಸ್ ಪ್ರಿಂಟ್ ಜರ್ನಲ್’ನಲ್ಲಿ ಒಂದು ಪ್ರಬಂಧ ಬರೆದರು. ವಿಷಯ ಕರ್ನಾಟಕದ ಮಲೆನಾಡು ಮತ್ತು ಕರಾವಳಿಯ ಹಣ್ಣಿನ ತೋಟಗಳು. ಬೆಳೆ ರಕ್ಷಣೆ ಮತ್ತು ಹಣ್ಣುಬಾವಲಿ ಸಂರಕ್ಷಣೆ ಎರಡನ್ನೂ ಅವರು ಒಂದೇ ಶೀರ್ಷಿಕೆಯಲ್ಲಿ ಇಟ್ಟರು. ಕಾನೂನು ಇನ್ನೂ ‘ಕೊಲ್ಲಿ’ ಅನ್ನುತ್ತಿದ್ದ ಕಾಲದಲ್ಲಿ, ರೈತನ ನಷ್ಟವನ್ನೂ ಪ್ರಾಣಿಯ ಬದುಕನ್ನೂ ಒಟ್ಟಿಗೆ ಯೋಚಿಸಿದ ಕೆಲಸ ಅದು. ಇದೇ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ‘ಕರ್ವಾಲೊ’ ಬರೆದರು. ಅದರಲ್ಲಿ ಹಾರುವ ಓತಿ ಹುಡುಕುವ ವಿಜ್ಞಾನಿಗೆ ಊರಿನ ಮಂದಣ್ಣನ ಕಣ್ಣು ಬೇಕಾಗುತ್ತೆ. ಕಾದಂಬರಿಯನ್ನ ನಾವು ಹೆಮ್ಮೆಯಿಂದ ಓದ್ತೀವಿ, ಮಂದಣ್ಣಂದಿರನ್ನ ಸಮ್ಮೇಳನಕ್ಕೆ ಕರೆಯಲ್ಲ.

ಬೇರೆ ಥರ ನಡೆಯೋಕೆ ಸಾಧ್ಯ ಅನ್ನೋದಕ್ಕೆ ಕೋಲಾರ ಉದಾಹರಣೆ. ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ಬದುಕಿದೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಪ್ರಭೇದ ಈಗ ತೀವ್ರ ಅಪಾಯದ ಪಟ್ಟಿಯಲ್ಲಿದೆ. ಉಳಿದಿರೋದು ಇನ್ನೂರಕ್ಕೂ ಕಡಿಮೆ ಅನ್ನೋದು ಅಂದಾಜು. ಗ್ರಾನೈಟ್ ಗಣಿಗಾರಿಕೆ ಆ ಬೆಟ್ಟವನ್ನೇ ತಿನ್ನುತ್ತಿತ್ತು. ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್‌ನವರು ಅರಣ್ಯ ಇಲಾಖೆ, ಊರಿನವರ ಜೊತೆ ಕೂತು ಕೆಲಸ ಮಾಡಿದರು, ಗುಹೆಗಳ ಸುತ್ತಲಿನ ಸುಮಾರು 30 ಎಕರೆಗೆ ರಕ್ಷಣೆ ಸಿಕ್ಕಿತು. ಪ್ರಬಂಧ ಒಂದರಿಂದಲೇ ಅದು ಆಗ್ತಿರಲಿಲ್ಲ.

ಆಕ್ಷೇಪಗಳಿಗೂ ಉತ್ತರ ಬೇಕು

ಎರಡು ಆಕ್ಷೇಪಗಳನ್ನ ನಾನು ಗಂಭೀರವಾಗಿ ತಗೊಳ್ತೀನಿ. ಒಂದು, ಹಣ್ಣು ಬೆಳೆಯುವ ಸಣ್ಣ ರೈತರದ್ದು. ಸಪೋಟ, ಪೇರಳೆ, ಬೆಣ್ಣೆಹಣ್ಣು ರಾತ್ರೋರಾತ್ರಿ ಹಾಳಾದರೆ ‘ಪರಾಗಸ್ಪರ್ಶದ ಮಹತ್ವ’ ಅವರ ಹೊಟ್ಟೆ ತುಂಬಿಸಲ್ಲ. ಆನೆ ಹಾಳು ಮಾಡಿದರೆ ಪರಿಹಾರದ ಅರ್ಜಿ ಹಾಕೋ ದಾರಿಯಾದರೂ ಇದೆ. ಬಾವಲಿ ವಿಷಯದಲ್ಲಿ ಬಲೆಗೆ ಸಹಾಯಧನ ಕೊಡೋದು, ಅದೂ ಬಾವಲಿ ಸಿಕ್ಕಿಕೊಂಡು ಸಾಯದ ಹಾಗೆ ಬಿಗಿಯಾಗಿ ಕಟ್ಟೋ ಸಣ್ಣ ಕಣ್ಣಿನ ಬಲೆಗೆ, ತೋಟಗಾರಿಕೆ ಇಲಾಖೆಗೆ ಭಾರೀ ಖರ್ಚಿನ ಕೆಲಸ ಏನಲ್ಲ. ನಷ್ಟವನ್ನ ಬಡವನ ತಲೆಗೆ ಕಟ್ಟಿ ಸಂರಕ್ಷಣೆಯ ಹೆಸರನ್ನ ಬೇರೆಯವರು ತಗೊಳ್ಳೋದು ನಡೆಯಲ್ಲ.

ಇನ್ನೊಂದು ಆಕ್ಷೇಪ ವಿಜ್ಞಾನಿಗಳದ್ದು. ಬಾವಲಿಗಳ ನೆಲೆಯ ವಿವರ ಎಲ್ಲರಿಗೂ ಹೇಳಿದರೆ ಬೇಟೆಯವರು, ರೀಲ್ಸ್ ಮಾಡೋ ಪ್ರವಾಸಿಗರು ಮೊದಲು ತಲುಪ್ತಾರೆ ಅಂತಾರೆ. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿ ದಾರಿಯಲ್ಲಿ ನಿಲ್ಲುವ ಕಾರಿನ ಸಾಲು ನೋಡಿದವರಿಗೆ ಈ ಭಯ ಅರ್ಥವಾಗುತ್ತೆ. ಹಾಗಾಗಿ ಗುಹೆಯ ಜಾಗವನ್ನ ಜಾಲತಾಣದಲ್ಲಿ ಹಾಕಿ ಅಂತ ನಾನು ಹೇಳ್ತಿಲ್ಲ. ಆದರೆ ಆ ಜಾಗ ಮೊದಲಿಂದಲೂ ಗೊತ್ತಿರುವ ಊರಿನವರಿಂದಲೇ ಫಲಿತಾಂಶ ಮುಚ್ಚಿಟ್ಟರೆ ರಕ್ಷಣೆ ಆಗಲ್ಲ.

ಹಾಗಾದರೆ ಏನು ಕೇಳೋಣ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಹೊಸ ಕಾನೂನೂ ಬೇಡ. ಜೀವವೈವಿಧ್ಯ ಕಾಯ್ದೆ 2002ರ ಅಡಿ ಪ್ರತಿ ಗ್ರಾಮ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಾಗ ಎಷ್ಟೋ ಕಡೆ ಅವಸರದಲ್ಲಿ ಪುಟ ತುಂಬಿಸಲಾಯಿತು. ನಿಮ್ಮ ಪಂಚಾಯಿತಿಗೆ ಹೋಗಿ ಆ ದಾಖಲೆ ತೋರಿಸಿ ಅಂತ ಕೇಳಿ. ಅದರಲ್ಲಿ ಬಾವಲಿ ಅನ್ನೋ ಪದ ಇದೆಯಾ, ಎಷ್ಟು ಥರದ ಬಾವಲಿ ಬರೆದಿದ್ದಾರೆ, ಮರಗಸಿ ಮಾಡುವವರನ್ನ ಯಾರಾದರೂ ಕೇಳಿದ್ದಾರಾ ನೋಡಿ.

ಜಿಲ್ಲೆಯಲ್ಲಿ ಬಾವಲಿ ಅಧ್ಯಯನಕ್ಕೆ ಬರುವ ಪ್ರತಿ ತಂಡವೂ ಕೆಲಸ ಮುಗಿದ ಮೇಲೆ ಎರಡು ಪುಟದ ಕನ್ನಡ ಸಾರಾಂಶವನ್ನ ಆ ಸಮಿತಿಗೆ ಕೊಡಲಿ, ಒಂದು ಸಂಜೆ ಬಂದು ಮಾತಾಡಲಿ. ಕನ್ನಡ ಒಂದೇ ಸಾಲಲ್ಲ ಅನ್ನೋದೂ ನೆನಪಿರಲಿ. ಇವತ್ತು ತೋಟಗಳಲ್ಲಿ ತುಳು, ತಮಿಳು ಮಾತಾಡುವವರಿದ್ದಾರೆ, ಅಸ್ಸಾಂ, ಬಂಗಾಳದಿಂದ ಬಂದವರಿದ್ದಾರೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಶುರುವಾಗಿ ನೂರು ವರ್ಷ ದಾಟಿದೆ, ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಗಳಿಗೆ ಪ್ರತಿ ತೋಟದ ದಾರಿ ಗೊತ್ತು. ನೆರಳಿನ ಮರಗಳ ಬಗ್ಗೆ ಸಲಹೆ ಕೊಡುವಾಗ ಬಾವಲಿ ನೆಲೆಯ ಬಗ್ಗೆಯೂ ಎರಡು ಮಾತು ಸೇರಿಸಲಿ. ಇನ್ನು ರಾಜ್ಯ ಸರ್ಕಾರ, ತೋಟದಲ್ಲಿ ತಾನೇ ನೆಟ್ಟ ಅತ್ತಿ, ಬಸರಿಯನ್ನ ಬೆಳೆಗಾರ ನೋಂದಣಿ ಮಾಡಿಸಿದರೆ ಮುಂದೆ ಅನುಮತಿ ಸುಲಭವಾಗಿ ಸಿಗುವ ವ್ಯವಸ್ಥೆ ಮಾಡಲಿ. ಸಿಲ್ವರ್‌ಗೆ ಕೊಟ್ಟ ಅನುಕೂಲದಲ್ಲಿ ಅರ್ಧವಾದರೂ ನಾಡಮರಕ್ಕೆ ಸಿಗಲಿ.

ಸಮ್ಮೇಳನ ನಡೆಸುವವರಿಗೂ ಒಂದು ಮಾತು. ಒಂದು ವರ್ಷ ಮೂಡಿಗೆರೆಗೆ ಬನ್ನಿ. ಇಲ್ಲಿ ತೋಟಗಾರಿಕೆ ಕಾಲೇಜಿದೆ, ಸಭಾಂಗಣ ಇದೆ. ವೇದಿಕೆಯ ಮೇಲೆ ಒಬ್ಬ ವಿಜ್ಞಾನಿ, ಒಬ್ಬ ಬೆಳೆಗಾರ, ಮರ ಹತ್ತುವ ಒಬ್ಬ ಕಾರ್ಮಿಕ ಕೂರಲಿ. ಕಾರ್ಮಿಕರನ್ನ ಕರೆಯುವಾಗ ಅವರ ದಿನದ ಕೂಲಿಯನ್ನೂ ಕೊಡಿ, ಯಾಕಂದ್ರೆ ಉಪನ್ಯಾಸಕರಿಗೆ ಪ್ರಯಾಣ ಭತ್ಯೆ ಕೊಡ್ತೀರಲ್ಲ.

ಮಳೆಗಾಲಕ್ಕೆ ಮುಂಚೆ ಮತ್ತೆ ಮರಗಸಿ ಶುರುವಾಗುತ್ತೆ. ಅದೇ ದಿನಗಳಲ್ಲಿ ದೊಡ್ಡ ಹಣ್ಣುಬಾವಲಿಯ ತಾಯಂದಿರು ಇನ್ನೂ ಹಾರಲು ಬಾರದ ಮರಿಗಳನ್ನ ಎದೆಗೆ ಅಪ್ಪಿಕೊಂಡಿರ್ತವೆ. ನೆಲೆ ಇರುವ ಮರವನ್ನ ಕೊನೆಗೆ ಇಟ್ಕೊಳ್ಳಿ, ಕೆಲವು ವಾರ ತಡವಾಗಿ ಸವರಿ ಅಂತ ಮೇಸ್ತ್ರಿಗೆ ಹೇಳೋಕೆ ಸಂಶೋಧನಾ ಅನುದಾನ ಬೇಕಿಲ್ಲ. ತೋಟ ಇರುವ ಮನೆಯವರಾಗಿದ್ದರೆ ಈ ವರ್ಷ ಅಷ್ಟು ಹೇಳಿ. ಜೊತೆಗೆ, ಮರ ಹತ್ತುವವರ ಸೊಂಟಕ್ಕೆ ಹಗ್ಗ ಇದೆಯಾ ಅಂತಲೂ ನೋಡಿ.